ಒಂದೂವರೆ ಅಡಿ ವೈರು

ಭಾನುವಾರ ಬೆಳಿಗ್ಗೆ ಎಂಟೂವರೆಯ ಸುಮಾರಿಗೆ, ಉಣಕಲ್ ಕೆರೆಯ ಹತ್ತಿರ ನಾನು ಬ್ರೇಕ್ ಒತ್ತುವುದಕ್ಕೂ ಕಾರಿನೊಳಗೆ ಭೀಮಸೇನ ಜೋಶಿಯವರ ದನಿ ಮಾಯವಾಗುವುದಕ್ಕೂ ಸರಿಹೋಯಿತು. ಹಾಡು ನಿಂತಿರಲಿಲ್ಲ. ತಬಲಾ ನಡೆದಿತ್ತು, ಹಾರ್ಮೋನಿಯಂ ನಡೆದಿತ್ತು, ತಂಬೂರಿಯಂತೂ ಮೊದಲಿಗಿಂತ ಸ್ಪಷ್ಟವಾಗಿ ಮಿಡಿಯುತ್ತಿತ್ತು; ಅವುಗಳ ನಡುವೆ ಕುಳಿತು ತೋಡಿ ರಾಗ ಹಾಡುತ್ತಿದ್ದವರೊಬ್ಬರೇ ಎದ್ದು ಹೋಗಿದ್ದರು. ಬಾವಿಯ ತಳದಿಂದ ಯಾರೋ ಕರೆದಂತೆ ಅವರ ದನಿಯ ನೆರಳಷ್ಟೇ ಉಳಿದಿತ್ತು. 1933ರಲ್ಲಿ, ಹನ್ನೊಂದು ವರ್ಷದ ಹುಡುಗನಾಗಿದ್ದಾಗ, ಗುರುವನ್ನು ಹುಡುಕಿಕೊಂಡು ಗದುಗಿನಿಂದ ರೈಲು ಹತ್ತಿ ಓಡಿಹೋದವರು ಅವರು. ಅಂದು ನಾನು ಹೊರಟಿದ್ದದ್ದೂ ಗದುಗಿಗೇ ಆದ್ದರಿಂದ, ಊರಿನ ಹೆಸರು ಕೇಳಿ ಮತ್ತೊಮ್ಮೆ ಓಡಿಹೋದರೋ ಏನೋ ಎಂದು ಒಂದು ಕ್ಷಣ ಅನಿಸಿತು.

ಓಡಿಸಿದ್ದು ಐಪಾಡಿನಿಂದ ಕಾರಿನ ಸ್ಟೀರಿಯೊಗೆ ಹೋಗುವ ಒಂದೂವರೆ ಅಡಿಯ ವೈರು. ಈ ವೈರಿನ ಸಹವಾಸದಲ್ಲಿ ಏಳು ವರ್ಷ ಕಳೆದ ಮೇಲೆ ನನಗೆ ತಿಳಿದ ಒಂದು ಮಾತಿದೆ. ಅದನ್ನು ಹೇಳಬೇಕೆಂದೇ ಬರೆಯಲು ಕುಳಿತೆ. ಆದರೆ ಅದಕ್ಕೆ ಮುನ್ನ, ಇದನ್ನು ಓದುತ್ತಿರುವವರಲ್ಲಿ ಅರ್ಧದಷ್ಟು ಮಂದಿಯ ನಾಲಗೆಯ ತುದಿಯಲ್ಲಿ ಈಗಾಗಲೇ ಬಂದು ನಿಂತಿರುವ ಸಲಹೆಗೆ ಉತ್ತರ ಕೊಟ್ಟುಬಿಡುವುದು ಒಳ್ಳೆಯದು.

ಬ್ಲೂಟೂತ್ ಏಕೆ ಹಾಕಿಸಬಾರದು ಎಂದು ನನ್ನ ತಂಗಿಯ ಮಗನೂ ಕೇಳುತ್ತಾನೆ. ವಾರಕ್ಕೊಮ್ಮೆ, ಔಷಧಿ ತೆಗೆದುಕೊಂಡಿರಾ ಎಂದು ವಿಚಾರಿಸುವ ದನಿಯಲ್ಲಿ ಕೇಳುತ್ತಾನೆ. ಅವನ ಕಾರಿನಲ್ಲಿ ಹತ್ತನೆಯ ಶತಮಾನದ ಡೆನ್ಮಾರ್ಕಿನ ರಾಜನೊಬ್ಬನ ಅಡ್ಡಹೆಸರು ಹೊತ್ತ ಆ ವ್ಯವಸ್ಥೆಯುಂಟು. ಕೀಲಿ ತಿರುಗಿಸಿದೊಡನೆ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ, ಸಂಪರ್ಕ ಆಯಿತೆಂದು ಘೋಷಿಸುತ್ತಾಳೆ. ಸಂಪರ್ಕ ಆಗಿರುವುದು ಹಿಂದಿನ ಸೀಟಿನಲ್ಲಿ ಕುಳಿತ ಅವನ ಹೆಂಡತಿಯ ಫೋನಿಗೆ. ಅದನ್ನು ಬಿಡಿಸಿ ಇವನ ಫೋನಿಗೆ ಕಟ್ಟುವಷ್ಟರಲ್ಲಿ ಟೋಲ್ ನಾಕಾ ದಾಟಿರುತ್ತೇವೆ. ಹಾಡು ಶುರುವಾಗಿ ತಾಳದ ಮೊದಲ ಪೆಟ್ಟಾದ ಸಮ್ ಬರಬೇಕು ಎನ್ನುವಾಗ ಸಾಲ ಬೇಕೇ ಎಂದು ಯಾರೋ ಕರೆ ಮಾಡುತ್ತಾರೆ. ಆ ಪ್ರಶ್ನೆ ನಾಲ್ಕೂ ಸ್ಪೀಕರುಗಳಲ್ಲಿ ಮೊಳಗುತ್ತದೆ. ಇದನ್ನು ಅವನು ಅನುಕೂಲ ಎಂದು ಕರೆಯುತ್ತಾನೆ. ಕರೆಯಲಿ. ಪೆನ್‌ಡ್ರೈವಿನ ಸಲಹೆಯನ್ನೂ ನಾನು ಒಮ್ಮೆ ಪಾಲಿಸಿ ನೋಡಿದ್ದೇನೆ. ನನ್ನ ಸ್ಟೀರಿಯೊಗೆ ಕನ್ನಡ ಓದಲು ಬರುವುದಿಲ್ಲ. ಅಪ್ಪನ ಸಂಗ್ರಹಕ್ಕೆ ನಾನು ಕನ್ನಡದಲ್ಲಿ ಕೊಟ್ಟ ಅಷ್ಟೂ ಹೆಸರುಗಳನ್ನು ಅದು ಸಾಲುಸಾಲು ಚೌಕಗಳಾಗಿ ತೋರಿಸಿತು. ಹಾಗೆ ಚೌಕದ ನಂತರ ಚೌಕ ಒತ್ತುತ್ತ ಮುಂಜಾನೆ ಏಳಕ್ಕೆ, ರಾತ್ರಿಯ ರಾಗವಾದ ಮಾಲಕಂಸ ಕೇಳಿಸಿಕೊಂಡು ಕಚೇರಿಗೆ ಹೋದ ದಿನವೇ ಪೆನ್‌ಡ್ರೈವನ್ನು ಅವನಿಗೆ ಮರಳಿಸಿದೆ.

ಐಪಾಡಾದರೋ, 2001ರಲ್ಲಿ ಹುಟ್ಟಿ 2022ರಲ್ಲಿ ತಯಾರಿಕೆ ನಿಂತುಹೋದ ವಂಶದ್ದು. ನನ್ನದು 160 ಜಿಬಿಯದು, 2014ರಲ್ಲಿಯೇ ಅಂಗಡಿಯಿಂದ ಇಳಿದ ಪೈಕಿ. ಅಪ್ಪನ ಕ್ಯಾಸೆಟ್ಟುಗಳೆಲ್ಲ ಅದರಲ್ಲಿವೆ. ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಅರವತ್ತು ನಿಮಿಷವೇ ಬೇಕು, ಒಂದು ನಿಮಿಷ ಕಡಿಮೆಯಾಗದು. ಒಂದಿಡೀ ಬೇಸಿಗೆ ಮಾಳಮಡ್ಡಿಯ ಮನೆಯಲ್ಲಿ ಕುಳಿತು ಅದನ್ನು ಮಾಡಿದ್ದೇನೆ. ಐಪಾಡಿನ ಚಕ್ರವನ್ನು ಹೆಬ್ಬೆರಳಿನಿಂದ ಸವರಿದರೆ, ರಸ್ತೆಯಿಂದ ಕಣ್ಣು ತೆಗೆಯದೆ ನನಗೆ ಬೇಕಾದವರನ್ನು ಕರೆದು ಕೂಡಿಸಬಲ್ಲೆ. ಸ್ಟೀರಿಯೊದ ಆಕ್ಸ್ ತೂತಿನಲ್ಲಿ ವೈರಿನ ಪಿನ್ನು ಕೂತಾಗ ಆಗುವ ಆ ಸಣ್ಣ ‘ಟಕ್’ ಇದೆಯಲ್ಲ, ಅದರಷ್ಟು ಖಾತ್ರಿಯಾಗಿ ಯಾವ ಘೋಷಣೆಯೂ ಸಂಪರ್ಕವನ್ನು ಸಾರಲಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನವರು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಲು ಚುಚ್ಚುತ್ತಿದ್ದ ದಪ್ಪ ಪಿನ್ನಿನ ಮೊಮ್ಮಗ ಅದು, 3.5 ಮಿಲಿಮೀಟರಿಗೆ ಸೊರಗಿದೆ, ಅಷ್ಟೆ. ಈಗ ಹೊಸ ಕಾರು ನೋಡಲು ಹೋದರೆ ಆ ತೂತನ್ನೂ ಮುಚ್ಚುತ್ತಿದ್ದಾರೆ. ಮುಚ್ಚಿದ್ದು ಏಕೆಂದು ಮಾರುವ ಹುಡುಗನನ್ನು ಕೇಳಿದರೆ ಒಂಬತ್ತು ಇಂಚಿನ ಪರದೆಯನ್ನು ತೋರಿಸುತ್ತಾನೆ.

ಆ ಭಾನುವಾರಕ್ಕೆ ಮರಳುತ್ತೇನೆ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಸೋದರಮಾವ ಸಿದ್ಧರಾಗಿ ಗೇಟಿನಲ್ಲಿ ನಿಂತಿದ್ದರು. ಎಪ್ಪತ್ತೆಂಟು ವರ್ಷ. ಹುಡುಗರಾಗಿದ್ದಾಗ ಎರಡು ವರ್ಷ ಸಂಗೀತ ಕಲಿತು, ಮನೆಯವರ ಮಾತಿಗೆ ಬಿಟ್ಟು, ನೌಕರಿ ಮಾಡಿ ನಿವೃತ್ತರಾದವರು. ಅವರು ಹಾಡಿದ್ದನ್ನು ಅತ್ತೆಯೂ ಕೇಳಿಲ್ಲ. ಮನೆಯಲ್ಲಿ ಆರತಿಯ ಹೊತ್ತಿಗೂ ತುಟಿಯನ್ನಷ್ಟೇ ಅಲ್ಲಾಡಿಸುತ್ತಾರೆ. ಆದರೆ ಬೇರೆಯವರು ಹಾಡುವಾಗ ಎಲ್ಲಿ ಏನು ತಪ್ಪಿತೆಂದು ಅವರ ಹುಬ್ಬು ಹೇಳುತ್ತದೆ. ಗದುಗಿನಲ್ಲಿ ಒಂದು ಸೀಮಂತವಿತ್ತು. ಅರವತ್ತು ಕಿಲೋಮೀಟರಿನ ದಾರಿಗೆ ಅವರು ಒಪ್ಪಿದ್ದೇ ಕಾರಿನಲ್ಲಿ ಭೀಮಸೇನರ ತೋಡಿ ಕೇಳಿಸುತ್ತೇನೆಂದು ನಾನು ಆಸೆ ತೋರಿಸಿದ್ದರಿಂದ.

ಎರಡು ನಿಮಿಷ ಕೇಳಿ, “ಭೀಮಣ್ಣ ಎಲ್ಲಿ?” ಎಂದರು.

ವೈರಿನ ಪಿನ್ನನ್ನು ತಿರುವಿದೆ, ಒತ್ತಿದೆ, ಬಗ್ಗಿಸಿ ಹಿಡಿದೆ. ಒಮ್ಮೆ ಅರ್ಧ ಸೆಕೆಂಡು ದನಿ ಬಂದು, ನಾನು ಕೈ ತೆಗೆದೊಡನೆ ಹೋಯಿತು. ಊರು ದಾಟಿದೆವು. ಎರಡೂ ಕಡೆ ಎರೆಹೊಲ, ಕಡಲೆ, ಜೋಳ, ಅಂಚಿನಲ್ಲಿ ಕುಸುಬಿ. ಕಾರಿನಲ್ಲಿ ತಬಲಾದ ನಿಧಾನಗತಿಯ ಠೇಕಾ ಯಾರಿಗಾಗಿಯೋ ಕಾಯುತ್ತ ಸುತ್ತುತ್ತಿತ್ತು. ತಾಳದ ಪ್ರತಿ ಆವರ್ತನಕ್ಕೂ ಸಮ್ ಬರುತ್ತಿತ್ತು, ಆದರೆ ಅದರ ಮೇಲೆ ಬಂದು ಇಳಿಯುವವರು ಇರಲಿಲ್ಲ. ಆರಿಸಿಬಿಡುತ್ತೇನೆ ಎಂದು ಕೈ ಚಾಚಿದಾಗ ಮಾವ ಬೇಡವೆಂದು ಕೈಸನ್ನೆ ಮಾಡಿದರು. ತೊಡೆಯ ಮೇಲೆ ಬೆರಳು ಎಣಿಸುತ್ತಿದ್ದರು.

ಭಂಡಿವಾಡದ ಆಸುಪಾಸಿನಲ್ಲಿ ಮೊದಲ ಸ್ವರ ಕೇಳಿಸಿತು. ಸ್ಪೀಕರಿನಲ್ಲಿ ಅಲ್ಲ. ಮಾವ ಕಿಟಕಿಯ ಕಡೆ ಮುಖ ಮಾಡಿ, ಗಂಟಲನ್ನು ಸರಿಪಡಿಸಿಕೊಳ್ಳುವವರಂತೆ ಒಂದು ಷಡ್ಜ ಹಿಡಿದಿದ್ದರು. ನಾನು ಕನ್ನಡಿಯನ್ನು ಸರಿಮಾಡುವ ನೆಪದಲ್ಲಿ ಇನ್ನೊಂದು ಕಡೆ ನೋಡಿದೆ. ಇಂಥ ಹೊತ್ತಿನಲ್ಲಿ ಕೇಳಿಸಿಕೊಳ್ಳುತ್ತಿಲ್ಲವೆಂದು ತೋರಿಸಿಕೊಳ್ಳುವುದೇ ದಾಕ್ಷಿಣ್ಯ. ನಲವಡಿ ಬರುವಷ್ಟರಲ್ಲಿ ಅವರು ಮುಖವನ್ನು ಮುಂದಕ್ಕೆ ತಿರುಗಿಸಿದ್ದರು, ಬಲಗೈ ಡ್ಯಾಶ್‌ಬೋರ್ಡಿನ ಮೇಲೆ ಗಾಳಿಯಲ್ಲಿ ಏನನ್ನೋ ಬಿಡಿಸುತ್ತಿತ್ತು, ಬಂದಿಶಿನ, ಎಂದರೆ ಹಾಡಿನ, ಮಾತುಗಳು ಅರ್ಧ ನೆನಪಿನಿಂದ, ಅರ್ಧ ಕಲ್ಪನೆಯಿಂದ ಹೊರಡುತ್ತಿದ್ದವು. ಚೆನ್ನಾಗಿ ಹಾಡಿದರು ಎಂದು ಹೇಳಿದರೆ ಅವರೇ ಹುಬ್ಬು ಏರಿಸಿಯಾರು. ತಾರಸಪ್ತಕ ಅವರಿಗೆ ಎಟುಕಲಿಲ್ಲ. ತೋಡಿಯ ಗಾಂಧಾರ ಎಷ್ಟು ಕೆಳಗೆ ಕೂಡಬೇಕೋ ಅಷ್ಟು ಕೂಡಲಿಲ್ಲ. ದೇಶದ ಹೆಸರಾಂತ ತಬಲಾ ವಾದಕರೊಬ್ಬರು ಅವರಿಗೆ ಸಾಥ್ ಕೊಡುತ್ತಿದ್ದರು, ನಿಜ, ಆದರೆ ಅವರಿಗಾಗಿ ಒಂದು ಮಾತ್ರೆಯೂ ನಿಲ್ಲುತ್ತಿರಲಿಲ್ಲ. ಆದರೂ ಮೂರು ಆವರ್ತನಗಳಿಗೊಮ್ಮೆಯಾದರೂ ಮಾವ ಸಮ್‌ಗೆ ಸರಿಯಾಗಿ ಬಂದಿಳಿಯುತ್ತಿದ್ದರು, ಆಗೆಲ್ಲ ಕಾರಿನ ಗಾಜು ಸಣ್ಣಗೆ ನಡುಗುತ್ತಿತ್ತು.

ಅಣ್ಣಿಗೇರಿಯ ಹತ್ತಿರ ಐಪಾಡಿನ ಬ್ಯಾಟರಿ ಕೆಂಪಾಯಿತು. ವಯಸ್ಸಾದ ಬ್ಯಾಟರಿ, ಹೆಚ್ಚು ಹೊತ್ತು ಬಾರದು. ಏನೂ ಯೋಚಿಸದೆ ಚಾರ್ಜರನ್ನು ಸಿಗರೇಟ್ ಲೈಟರಿನ ಗುಂಡಿಗೆ ಸಿಕ್ಕಿಸಿದೆ. ಮರುಕ್ಷಣವೇ ಭೀಮಸೇನರು ಪೂರ್ತಿ ಗಂಟಲಿನಲ್ಲಿ, ತಾನಿನ ನಟ್ಟನಡುವೆ, ಮರಳಿ ಬಂದರು.

ಮಾವನ ಬಾಯಿ ತೆರೆದೇ ಇತ್ತು. ಪರರ ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹುಡುಗನ ಹೆಗಲ ಮೇಲೆ ಹೊಲದ ಒಡೆಯರು ಕೈಯಿಟ್ಟಂತಾಯಿತು. ಕೈ ಇಳಿಸಿ, ಶಲ್ಯ ಸರಿಮಾಡಿಕೊಂಡು, ಕಿಟಕಿಯ ಕಡೆ ತಿರುಗಿದರು. ಭೀಮಸೇನರ ಜೊತೆಗೆ ಒಂದು ಹೊಸ ದನಿಯೂ ಬಂದಿತ್ತು: ಸೊಳ್ಳೆಯ ದನಿಯಂಥ ಒಂದು ‘ಊಂ’, ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಅದು ಎಂಜಿನ್ನಿನ ಆಲ್ಟರ್ನೇಟರಿನ ಹಾಡು. ಚಾರ್ಜರಿನ ದಾರಿಯಿಂದ ಒಳಗೆ ನುಗ್ಗುತ್ತದೆ. ನಾಲ್ಕನೆಯ ಗೇರಿನಲ್ಲಿ ಷಡ್ಜದ ಹತ್ತಿರ ಸುಳಿದು, ಲಾರಿಯನ್ನು ಹಿಂದೆ ಹಾಕುವಾಗ ರಿಷಭವನ್ನೂ ದಾಟಿ ಎಲ್ಲಿಗೋ ಹೋಗುತ್ತಿತ್ತು. ಎರಡು ಕಿಲೋಮೀಟರು ಇದನ್ನು ಸಹಿಸಿದ ಮೇಲೆ ಮಾವ ಮೆಲ್ಲಗೆ ಕೈ ಚಾಚಿ ಚಾರ್ಜರನ್ನು ಕಿತ್ತರು. ಊಂಕಾರ ಹೋಯಿತು, ಅದರ ಜೊತೆಗೆ ಭೀಮಸೇನರೂ. “ಆ ಸೊಳ್ಳಿ ಕಾಟ ಬ್ಯಾಡ” ಎಂದರು. ಹುಲಕೋಟಿಯಲ್ಲಿ ಬ್ಯಾಟರಿ ಪೂರ್ತಿ ಸಾಯುವವರೆಗೆ ದ್ರುತ್ ಲಯದಲ್ಲಿ ಹಾಡಿದರು. ಸೀಮಂತದಲ್ಲಿ ಯಾರೋ, ದನಿ ಏಕೆ ಒಡೆದಿದೆ ಎಂದು ಕೇಳಿದ್ದಕ್ಕೆ, ಕಾರಿನ ಎ.ಸಿ. ಎಂದರು.

ಮರುದಿನ ದುರ್ಗದ ಬೈಲಿನಲ್ಲಿ ವೈರಿಗಾಗಿ ಅಲೆದೆ. ಮೂರು ಅಂಗಡಿಗಳಲ್ಲಿ ನನಗೆ ವೈರು ಬೇಕೆಂಬುದನ್ನು ನಂಬಲಿಲ್ಲ; ನಾಲ್ಕನೆಯದರಲ್ಲಿ ಎಫ್‌ಎಂ ಟ್ರಾನ್ಸ್‌ಮಿಟರನ್ನು ಹೊಗಳಿದರು. ಅದೂ ನನಗೆ ಹಳೆಯ ಗೆಳೆಯನೇ: ಹೊಲಗಳ ನಡುವೆ ಖಾಲಿಯಿರುವ ಕಂಪನಾಂಕ ಊರು ಹತ್ತಿರವಾದಂತೆ ಜಾಹೀರಾತುಗಳಿಂದ ತುಂಬಿಕೊಳ್ಳುತ್ತದೆ. ಕೊನೆಗೆ ಓಣಿಯೊಂದರ ತುದಿಯಲ್ಲಿ ರೇಡಿಯೊ ದುರಸ್ತಿ ಮಾಡುವ ಮುದುಕರೊಬ್ಬರು ಕನ್ನಡಕ ಏರಿಸಿ, ಪಿನ್ನಿನ ಬುಡದ ರಬ್ಬರನ್ನು ಬ್ಲೇಡಿನಿಂದ ಸೀಳಿದರು. ಒಳಗೆ ಕೂದಲೆಳೆಯಂಥ ಮೂರು ತಂತಿಗಳು: ಎಡದ ಸ್ಪೀಕರಿಗೆ ಹಸಿರು, ಬಲದ್ದಕ್ಕೆ ಕೆಂಪು, ಎರಡೂ ಮರಳಿ ಬರುವ ದಾರಿಯಾಗಿ ಬರಿಯ ತಾಮ್ರ. ತಾಮ್ರ ಕಡಿದಿತ್ತು. “ಅರ್ಥ್ ಹೋಗೇತ್ರಿ” ಎಂದರು. ಆ ಮೂರನೆಯ ಎಳೆ ಇಲ್ಲದಾಗ ಎಡದ್ದು ಬಲದ ಮೂಲಕ, ಬಲದ್ದು ಎಡದ ಮೂಲಕ ಮರಳಲು ನೋಡುತ್ತವೆ. ಎರಡರಲ್ಲೂ ಸಮನಾಗಿರುವುದೆಲ್ಲ ಒಂದನ್ನೊಂದು ಹೊಡೆದುಹಾಕಿ, ಬೇರೆ ಬೇರೆಯಾಗಿರುವುದಷ್ಟೇ ಕೇಳುತ್ತದೆ. ಧ್ವನಿಮುದ್ರಣದಲ್ಲಿ ಗಾಯಕರನ್ನು ಸರಿಯಾಗಿ ನಡುವೆ ಕೂಡಿಸಿರುವುದರಿಂದ ಮೊದಲು ಹೋಗುವವರು ಅವರೇ. ಚಾರ್ಜರು ಸಿಕ್ಕಿಸಿದಾಗ ಅದರ ತಂತಿಯೇ ಮರಳುವ ದಾರಿಯಾಗಿ ದನಿಯನ್ನು ತರುತ್ತದೆ, ಆಲ್ಟರ್ನೇಟರಿನ ಊಂಕಾರವನ್ನೂ ತರುತ್ತದೆ. ಮಲ್ಲಿಕಾರ್ಜುನ ಮನಸೂರರ ಹಳೆಯ 78 ಆರ್‌ಪಿಎಂ ತಟ್ಟೆಗಳದ್ದು ಇನ್ನೂ ಕಷ್ಟ; ಅವುಗಳಲ್ಲಿ ಎಡಬಲವೆಂಬ ಭೇದವೇ ಇಲ್ಲದ್ದರಿಂದ ತಂಬೂರಿಯೂ ಉಳಿಯದೆ ಅಪ್ಪನ ಟೇಪಿನ ಸುಯ್ಲೊಂದೇ ಕೇಳುತ್ತದೆ. ಅದನ್ನೂ ಅಲ್ಲಿಯೇ ಪರೀಕ್ಷಿಸಿ ನೋಡಿದೆವು.

ಬೆಸೆದುಕೊಡಲೇ ಎಂದು ಕೇಳಿ, ಅಲ್ಲಿ ದಿನಾ ಬಗ್ಗುವುದರಿಂದ ಮತ್ತೆ ಕಡಿಯುತ್ತದೆ ಎಂದೂ ಅವರೇ ಹೇಳಿ, ಡಬ್ಬಿಯೊಂದರ ತಳದಿಂದ ಹೊಸ ವೈರನ್ನು ತೆಗೆದು ಅರವತ್ತು ರೂಪಾಯಿಗೆ ಕೊಟ್ಟರು.

ಹದಿನೈದು ದಿನ ಬಿಟ್ಟು ಮಗು ಹುಟ್ಟಿದ ಸುದ್ದಿ ಬಂದಿತು. ಮತ್ತೆ ಗದುಗಿಗೆ ಹೊರಟೆವು. ಹೊಸ ವೈರು, ಹೊಸ ‘ಟಕ್’. ಭೀಮಸೇನರು ಇದ್ದರು, ಸೊಳ್ಳೆ ಇರಲಿಲ್ಲ. ಇಂಥ ಸ್ವಚ್ಛವಾದ ತೋಡಿಯನ್ನು ಕೇಳಿಸಿದ್ದಕ್ಕೆ ಮಾವನಿಂದ ಒಂದು ಮಾತನ್ನಾದರೂ ನಿರೀಕ್ಷಿಸಿದ್ದೆ. ಅವರು ಕೈಗಳೆರಡನ್ನೂ ಮಡಿಲಿನಲ್ಲಿಟ್ಟುಕೊಂಡು ಭಂಡಿವಾಡ ದಾಟಿದರು, ನಲವಡಿ ದಾಟಿದರು. ಅಣ್ಣಿಗೇರಿಯಲ್ಲಿ ಗಂಟಲು ಸರಿಮಾಡಿಕೊಂಡರು. ನಾನು ಕನ್ನಡಿಯ ಕಡೆ ನೋಡಿದೆ.

“ಆ ಹಳೀ ವೈರು,” ಎಂದರು, “ಒಗದಿಯೇನು?”