ನೆನೆಯಬಾರದ ಕೋಳಿ, ನಿಲ್ಲದ ಮಳೆ

ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮನೆಯ ಬಚ್ಚಲೊಲೆ ಮುಂದೆ ಜಾಗ ಸಿಗುವುದು ಅಷ್ಟು ಸುಲಭವಲ್ಲ. ಮೊದಲು ಅತ್ತೆ, ಆಮೇಲೆ ಬೆಕ್ಕು, ಆಮೇಲೆ ಕೋಳಿಗಳು, ಉಳಿದರೆ ನಾವು. ಕೋಳಿಗಳು ಅಂದರೆ ಅಂಗಳದಲ್ಲಿ ಓಡಾಡುವ ನಾಟಿಕೋಳಿಗಳಲ್ಲ. ಅವಕ್ಕೆ ಮಳೆ ಅಂದರೆ ಕೊಟ್ಟಿಗೆ ಮಾಡಿನ ಕೆಳಗೆ ಒಂದು ಗಳಿಗೆ ನಿಂತು, ಮೈ ಕೊಡವಿ, ಮತ್ತೆ ಗೊಬ್ಬರಗುಂಡಿಗೆ ಹೊರಡುವಷ್ಟರ ವಿಷಯ. ಒಲೆ ಮುಂದಿನ ಗಿರಾಕಿಗಳು ಸಿಲ್ಕಿಗಳು.

ಸಿಲ್ಕಿ ನೋಡದವರಿಗಾಗಿ ಹೇಳುತ್ತೇನೆ. ಇದಕ್ಕೆ ಗರಿ ಇದ್ದೂ ಇಲ್ಲ, ಮೈತುಂಬ ಇರುವುದು ತುಪ್ಪಳ. ತಲೆಯ ಮೇಲೆ ಕಣ್ಣು ಮುಚ್ಚುವಷ್ಟು ಜುಟ್ಟು, ತಿಳಿನೀಲಿ ಕಿವಿಹಾಲೆ, ಕಾಲ್ಬೆರಳವರೆಗೂ ಪುಕ್ಕ. ಬೇರೆ ಕೋಳಿಯ ಕಾಲಿಗೆ ನಾಲ್ಕು ಬೆರಳಾದರೆ ಇದಕ್ಕೆ ಐದು. ಮೇಲೆ ಎಷ್ಟೇ ಬೆಳ್ಳಗಿದ್ದರೂ ಒಳಗೆ ಚರ್ಮ ಕಪ್ಪು, ಮೂಳೆಯೂ ಕಪ್ಪು. ಚೀನಾ ಕಡೆಯ ತಳಿ. ಬೆಕ್ಕಿನ ಕೂದಲಿರುವ ಕಪ್ಪು ಕೋಳಿಗಳ ಸುದ್ದಿಯನ್ನು 13ನೇ ಶತಮಾನದಲ್ಲೇ ಮಾರ್ಕೊ ಪೋಲೊ ಅಲ್ಲಿಂದ ಹೊತ್ತು ತಂದಿದ್ದ. ಯುರೋಪಿನಲ್ಲಿ ಇದನ್ನು ಮೊಲಕ್ಕೂ ಕೋಳಿಗೂ ಹುಟ್ಟಿದ್ದು ಅಂತ ಹೇಳಿ ಮಾರುತ್ತಿದ್ದರಂತೆ. ಶಿವಮೊಗ್ಗ ದಾಟಿ ಹೋಗುವುದಕ್ಕೇ ಬೇಸರಪಡುವ ನಮ್ಮ ಅತ್ತೆ, ರಟ್ಟಿನ ಪೆಟ್ಟಿಗೆ ಬಿಚ್ಚಿದ ಕೂಡಲೇ ಅದೇ ತೀರ್ಮಾನಕ್ಕೆ ಬಂದರು. "ಇದು ಮೊಲನೇ ಕಣೇ. ಕೊಕ್ಕು ಅಂಟ್ಸಿ ಕೊಟ್ಟಾರೆ." ಆಮೇಲೆ ಬೆರಳು ಎಣಿಸಿ ನೋಡಿ, "ಬೆರಳು ಒಂದು ಜಾಸ್ತಿ ಅದೆ. ಬುದ್ಧಿ ಎಷ್ಟು ಕಮ್ಮಿ ಅದ್ಯೋ" ಅಂದರು.

ಬುದ್ಧಿಯ ಮಾತು ಆಮೇಲೆ. ಮೊದಲ ತಕರಾರು ಗರಿಯದ್ದು. ಮಾಮೂಲಿ ಗರಿಯ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿರುತ್ತವೆ. ಅವು ಒಂದಕ್ಕೊಂದು ಸಿಕ್ಕಿಕೊಂಡರೇ ನೀರು ಜಾರುವುದು, ರೆಕ್ಕೆ ಗಾಳಿ ಹಿಡಿಯುವುದು. ಸಿಲ್ಕಿಯ ಗರಿಗೆ ಆ ಕೊಕ್ಕೆಗಳೇ ಇಲ್ಲ. ಹಾಗಾಗಿ ಇದು ಹಾರುವುದಿಲ್ಲ, ನೆನೆದರೆ ಒಣಗುವುದಿಲ್ಲ. ಇಂಥದ್ದನ್ನು ತಂದು ಸಾಕಿದ ನಮ್ಮ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿದ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಕೋಳಿಗೆ ವ್ಯತ್ಯಾಸ ಗೊತ್ತಾಗುವಷ್ಟು ಕಮ್ಮಿಯೂ ಇಲ್ಲ.

ಮೊದಲ ಸಲ ನೆನೆದು ಗಡಗಡ ನಡುಗುತ್ತಿದ್ದಾಗ ನನ್ನ ಗಂಡ ಹೇರ್ ಡ್ರೈಯರ್ ತಂದರು. ನಮ್ಮಲ್ಲಿ ಕೋಳಿ ನೆನೆಯುವುದು ಮಳೆ ಬಂದಾಗ, ಕರೆಂಟು ಹೋಗುವುದೂ ಮಳೆ ಬಂದಾಗಲೇ. ಡ್ರೈಯರ್ ಬೇಕಾದ ಹೊತ್ತಿಗೂ ಕರೆಂಟಿರುವ ಹೊತ್ತಿಗೂ ಒಂದು ದಿನವೂ ತಾಳೆಯಾಗಲಿಲ್ಲ. ಇನ್ವರ್ಟರಿಗೆ ಸಿಕ್ಕಿಸಿ ನೋಡಿದೆವು. ಸಾವಿರ ವ್ಯಾಟಿನ ಡ್ರೈಯರ್ ಬಾಯಿ ಬಿಡುವ ಮೊದಲೇ ಇನ್ವರ್ಟರ್ ಕಿರುಚಿ ಕಣ್ಣು ಮುಚ್ಚಿತು. ದೀಪ, ವೈಫೈ, ಅತ್ತೆಯ ಧಾರಾವಾಹಿ ಎಲ್ಲ ಒಟ್ಟಿಗೆ ಹೋದವು. ಧಾರಾವಾಹಿಯಲ್ಲಿ ಅವತ್ತು ಯಾರದೋ ಗುಟ್ಟು ರಟ್ಟಾಗುವುದಿತ್ತಂತೆ. ಎರಡು ದಿನ ಅತ್ತೆಗೆ ಕೋಳಿಯ ಜೊತೆಗೂ ಮಾತಿಲ್ಲ, ನಮ್ಮ ಜೊತೆಗೂ ಮಾತಿಲ್ಲ.

ಆಮೇಲೆ ಗಂಡನಿಗೆ ಅಡಿಕೆ ಒಣಗಿಸುವ ಅಟ್ಟ ಹೊಳೆಯಿತು. ಮಳೆ ಬಿಡದ ದಿನಗಳಲ್ಲಿ ಕೆಳಗೆ ಬೆಂಕಿ ಹಾಕಿ ಅಡಿಕೆ ಒಣಗಿಸುವುದು ನಮ್ಮ ಕಡೆ ಇದ್ದದ್ದೇ. ಅಡಿಕೆ ಒಣಗಿದರೆ ಕೋಳಿ ಯಾಕೆ ಒಣಗಬಾರದು? ಕುಕ್ಕೆಯಲ್ಲಿಟ್ಟು ಅಟ್ಟಕ್ಕೆ ಏರಿಸಿದರು. ಸ್ವಲ್ಪ ಹೊತ್ತಿಗೆ ಸೀನು ಶುರುವಾಯಿತು, ಇಳಿಸಿದೆವು. ಒಣಗಿದ್ದೇನೋ ಹೌದು, ಆದರೆ ಬಿಳಿ ಕೋಳಿ ಹೋಗಿ ಚಹಾ ಬಣ್ಣದ್ದು ಬಂದಿತ್ತು, ಮೈಯೆಲ್ಲ ಹೊಗೆ ಹಾಕಿದ ಮೀನಿನ ಘಮ. ಅಲ್ಲಿಯವರೆಗೆ ಅದನ್ನು ತಿರುಗಿಯೂ ನೋಡದ ಬೆಕ್ಕು ವಾರವಿಡೀ ಅದರ ಹಿಂದೆಯೇ ಸುತ್ತಿತು. ಕೊನೆಗೆ ಗೆದ್ದದ್ದು ಅತ್ತೆಯ ಉಪಾಯ: ಹಳೆ ಪಂಚೆಯಲ್ಲಿ ಸುತ್ತಿ, ಬಚ್ಚಲೊಲೆಯಿಂದ ಒಂದು ಮಾರು ದೂರ ಕುಕ್ಕೆ ಕವಿಚಿ ಕೂರಿಸುವುದು. ಕೋಳಿಯನ್ನು ಬಯ್ಯುತ್ತಲೇ ಪಂಚೆ ಹೊದೆಸುವ ವಿದ್ಯೆ ಅವರಿಗೆ ಮಾತ್ರ ಗೊತ್ತು.

ಹೀಗೆ ನೆನೆದ ಒಂದು ದಿನವೇ ಗಂಡನ ಸೋದರಮಾವ ಮನೆಗೆ ಬಂದಿದ್ದು. ಕಪ್ಪು ಮಾಂಸದ ಕೋಳಿ ಅಂತ ಗೊತ್ತಾದಾಗಿನಿಂದ ಮಾವನಿಗೆ ನಮ್ಮ ಮೇಲೆ ಪ್ರೀತಿ ಉಕ್ಕುತ್ತಿತ್ತು. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಅನ್ನುವ ಕಪ್ಪು ಮಾಂಸದ ಕೋಳಿ, ಅದು ಆ ಊರಿನದ್ದೇ ಅಂತ 2018ರಲ್ಲಿ ಸಿಕ್ಕ ಜಿಐ ಟ್ಯಾಗ್, ಅದರ ಮಾಂಸಕ್ಕಿರುವ ರೇಟು, ಎಲ್ಲ ಬಾಯಿಪಾಠ. ಬಂದಾಗಲೆಲ್ಲ ಸಿಲ್ಕಿಯನ್ನು ಎರಡೂ ಕೈಯಲ್ಲಿ ಎತ್ತಿ, ತೂಗಿ, "ಎರಡು ಕೆಜಿ ಬರ್ತದಾ?" ಅಂತ ಕೇಳುವುದು. ಪಕ್ಕದಲ್ಲಿ ಕಡುಬಿನ ಚಿತ್ರ ಕಣ್ಣಿಗೆ ಕಟ್ಟಿರುತ್ತಿತ್ತು ಅಂತ ಕಾಣುತ್ತದೆ. ಅವತ್ತು ಬಚ್ಚಲಲ್ಲಿ ಕೋಳಿ ನೆನೆದು ನಿಂತಿತ್ತು. ತುಪ್ಪಳವೆಲ್ಲ ಮೈಗೆ ಅಂಟಿ, ಉಳಿದದ್ದು ಕಪ್ಪು ಕತ್ತು, ಎರಡು ಕಾಲು, ನಡುವೆ ಒಂದು ಮುಷ್ಟಿ. ಪೂರ್ತಿ ಬೆಳೆದ ಹ್ಯಾಟೆಯೂ ಒಂದು ಕೆಜಿ ಆಸುಪಾಸು, ನಮ್ಮದು ಅಷ್ಟೂ ಇರಲಿಲ್ಲ. ಮಾವ ತುಂಬ ಹೊತ್ತು ನೋಡಿದರು. "ಉಳಿದದ್ದೆಲ್ಲ ಎಲ್ಲಿಗೆ ಹೋಯ್ತು?" ಅಂದರು. ಅವತ್ತು ಊಟಕ್ಕೂ ನಿಲ್ಲಲಿಲ್ಲ.

ಗೂಡು ಕಟ್ಟಿಸಿದ್ದು ಇನ್ನೊಂದು ಕಥೆ. ಬಡಗಿಯನ್ನು ಕರೆಸಿ, ಎತ್ತರದಲ್ಲಿ ಕೂರಲು ಬಿದಿರಿನ ಅಡ್ಡೆ ಹಾಕಿಸಿ, ಮುಂಗುಸಿ ನುಗ್ಗದ ಹಾಗೆ ಜಾಲರಿ ಬಡಿಸಿ, ಲಕ್ಷಣವಾಗಿಯೇ ಮಾಡಿದ್ದೆವು. ಸಿಲ್ಕಿಗಳಿಗೆ ಅಡ್ಡೆ ಹತ್ತುವ ಶಕ್ತಿಯೂ ಇಲ್ಲ, ಮನಸ್ಸೂ ಇಲ್ಲ. ನೆಲದಲ್ಲೇ ಒಂದರ ಮೇಲೊಂದು ರಾಶಿ ಬಿದ್ದು ಮಲಗುತ್ತವೆ. ಖಾಲಿ ಅಡ್ಡೆ ನೋಡಿದ ನಾಟಿಕೋಳಿಗಳು ಹಲಸಿನ ಮರ ಬಿಟ್ಟು ಮೇಲೆ ಬಂದು ಕೂತವು. ಕೋಳಿ ರಾತ್ರಿಯಿಡೀ ಹಿಕ್ಕೆ ಹಾಕುವ ಪ್ರಾಣಿ. ಬೆಳಿಗ್ಗೆ ಬಾಗಿಲು ತೆಗೆದರೆ ಮೇಲಿನವು ಗರಿ ತೀಡಿಕೊಂಡು ಇಳಿದು ಬರುತ್ತಿದ್ದವು. ಕೆಳಗಿನವನ್ನು ಸೀದಾ ಬಚ್ಚಲಿಗೆ ಒಯ್ಯಬೇಕಾಗುತ್ತಿತ್ತು. ಮಕ್ಕಳ ಶಾಂಪೂ ಖರ್ಚಿನ ಬಗ್ಗೆ ಮನೆಯಲ್ಲಿ ಚರ್ಚೆ ಶುರುವಾದದ್ದೂ ಆಗಲೇ. ಈಗ ಅವಕ್ಕೆ ಬೇರೆ ಗೂಡು, ನೆಲಕ್ಕೆ ದಪ್ಪನೆ ಭತ್ತದ ಹೊಟ್ಟು. ಹೊಟ್ಟು ಒದ್ದೆಯಾಗಲು ಬಿಟ್ಟರೆ ರಕ್ತಭೇದಿ ಗ್ಯಾರಂಟಿ, ಮಳೆಗಾಲದಲ್ಲಿ ಅದನ್ನು ಬದಲಾಯಿಸುವುದೇ ಒಂದು ನೌಕರಿ.

ಹೆಣ್ಣು ಯಾವುದು ಗಂಡು ಯಾವುದು ಅಂತ ಈ ತಳಿಯಲ್ಲಿ ಐದಾರು ತಿಂಗಳು ಯಾರಿಗೂ ಗೊತ್ತಾಗುವುದಿಲ್ಲ. ನಾವು ಗೌರಿ ಅಂತ ಹೆಸರಿಟ್ಟದ್ದು ದೀಪಾವಳಿಯ ಹೊತ್ತಿಗೆ ಕೊಕ್ಕೋಕೋ ಅಂದಿತು. ಈಗ ಗೌರಪ್ಪ.

ಲಸಿಕೆಯ ದಿನ ಮಾತ್ರ ಇಡೀ ಕೇರಿಗೆ ನೆನಪಿದೆ. ಕೋಳಿ ಸಾಕಿದ ಮೇಲೆ ಕೊಕ್ಕರೆ ರೋಗಕ್ಕೆ ಹೆದರಲೇಬೇಕು. ಪುಸ್ತಕದಲ್ಲಿ ಇದಕ್ಕೆ ಉತ್ತರಾಖಂಡದ ಊರಿನ ಹೆಸರು, ರಾಣಿಖೇತ್ ರೋಗ. ಬಂತೆಂದರೆ ಕೇರಿಯ ಕೋಳಿಗಳೆಲ್ಲ ಸಾಲುಸಾಲು ಮಲಗುತ್ತವೆ. ಲಸಿಕೆ ಸುಲಭ, ಕಣ್ಣಿಗೆ ಒಂದು ಹನಿ. ಆದರೆ ಸಿಗುವ ಸಣ್ಣ ಸೀಸೆಯೇ ನೂರು ಕೋಳಿಗೆ ಆಗುವಷ್ಟು. ನಮ್ಮಲ್ಲಿದ್ದದ್ದು ನಾಲ್ಕು ಸಿಲ್ಕಿ, ಒಂದಷ್ಟು ನಾಟಿ. ಒಮ್ಮೆ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲುವುದೇ. ಚೆಲ್ಲಲು ಅತ್ತೆಗೆ ಮನಸ್ಸಾಗಲಿಲ್ಲ. ಹಿಂದಿನ ಸಂಜೆಯೇ ಕೇರಿಗೆಲ್ಲ ಹೇಳಿಕಳಿಸಿದರು, ಮದುವೆ ಕರೆಯೋಲೆ ಕೊಟ್ಟಷ್ಟೇ ಗತ್ತಿನಲ್ಲಿ.

ಗಂಡ ಶಿವಮೊಗ್ಗದಿಂದ ಸೀಸೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದರು. ಪಕ್ಕದವರು ಕಾಫಿ ಕೇಳಿದರಂತೆ. ಬೆಳಕು ಹರಿಯುವ ಮೊದಲೇ ಅಂಗಳದಲ್ಲಿ ಜನ. ಕುಕ್ಕೆಯಲ್ಲಿ, ಗೋಣಿಚೀಲದಲ್ಲಿ, ಒಬ್ಬರು ಸ್ಕೂಲ್ ಬ್ಯಾಗಿನಲ್ಲಿ ಕೋಳಿ ತಂದಿದ್ದರು. ನಾಟಿಕೋಳಿಗಳು ಕಚ್ಚಿದವು, ಪರಚಿದವು, ಎರಡು ತಪ್ಪಿಸಿಕೊಂಡು ತೋಟ ಸೇರಿದವು. ಆದರೂ ಕಣ್ಣಿಗೆ ಹನಿ ಬಿತ್ತು. ಸಿಲ್ಕಿಗಳು ಕೈಯಲ್ಲಿ ಸುಮ್ಮನೆ ಕೂತವು. ಕಣ್ಣು ಮಾತ್ರ ಸಿಗಲಿಲ್ಲ. ಜುಟ್ಟು ಹಿಂದಕ್ಕೆ ಒತ್ತಿದರೆ ಗಡ್ಡ ಮುಂದಕ್ಕೆ ಬರುತ್ತದೆ, ಗಡ್ಡ ಹಿಡಿದರೆ ಜುಟ್ಟು ಬೀಳುತ್ತದೆ, ನಡುವೆ ಕಪ್ಪು ಮುಖದಲ್ಲಿ ಕಪ್ಪು ಕಣ್ಣು. ಮೊದಲ ಹನಿ ಕಿವಿಹಾಲೆಗೆ, ಎರಡನೆಯದು ನನ್ನ ಹೆಬ್ಬೆರಳಿಗೆ. ಅತ್ತೆ ಬಂದು, ಮಗಳ ತಲೆಯಿಂದ ಕ್ಲಿಪ್ ಕಿತ್ತು ಕೋಳಿಯ ಜುಟ್ಟಿಗೆ ಹಾಕಿದರು. ಕಣ್ಣು ಕಂಡಿತು, ಹನಿ ಬಿತ್ತು. ಅದೇ ಮೊದಲ ಬಾರಿಗೆ ಆ ಕೋಳಿ ನಮ್ಮನೆಯನ್ನು ಪೂರ್ತಿಯಾಗಿ ನೋಡಿದ್ದಿರಬೇಕು, ಒಂದೇ ನೆಗೆತಕ್ಕೆ ಗಂಡನ ಅಂಗಿಯೊಳಗೆ ತಲೆ ತೂರಿಸಿತು.

ಜುಟ್ಟಿನಿಂದಾಗುವ ತಾಪತ್ರಯ ಹಗುರವಲ್ಲ. ಮೇಲೆ ಹದ್ದು ಸುಳಿದರೆ ಹುಂಜ ಒಂದು ಕೂಗು ಹಾಕುತ್ತದೆ, ನಾಟಿಗಳೆಲ್ಲ ಕಾಫಿ ಗಿಡದ ಬುಡ ಸೇರುತ್ತವೆ. ಸಿಲ್ಕಿಗಳು ಇದ್ದಲ್ಲೇ ಒಂದು ಸುತ್ತು ತಿರುಗಿ ನಿಲ್ಲುತ್ತವೆ. ಕಣ್ಣಿನ ಮುಂದಿನ ಎಳೆಗಳನ್ನು ಕತ್ತರಿಸಿದ ಮೇಲೆ ಸ್ವಲ್ಪ ವಾಸಿ. ಬಯಲಿಗೆ ಬಿಡುವುದಿದ್ದರೆ ಮಾತ್ರ ಈಗಲೂ ಯಾರಾದರೊಬ್ಬರು ಕೋಲು ಹಿಡಿದು ಜಗುಲಿಯಲ್ಲಿ ಕೂರಬೇಕು.

ಇಷ್ಟಾದರೂ ಇವು ನಮ್ಮನೆಯಲ್ಲಿ ಉಳಿದದ್ದು ಇನ್ನೊಂದು ಗುಣದಿಂದ. ಸಿಲ್ಕಿಗೆ ಕಾವು ಕೂರುವುದೇ ಕಸುಬು. ಕೆನೆ ಬಣ್ಣದ ಸಣ್ಣ ಮೊಟ್ಟೆ ಒಂದಷ್ಟು ಇಡುತ್ತದೆ, ಅಷ್ಟರಲ್ಲಿ ಕಾವು ಬಂದು ಕೂತುಬಿಡುತ್ತದೆ. ಮೊಟ್ಟೆ ತೆಗೆದರೂ ಕೂರುತ್ತದೆ. ನಮ್ಮದು ಗೋಟಡಿಕೆಯ ಮೇಲೆ ಕೂತಿದೆ, ಆಲೂಗಡ್ಡೆಯ ಮೇಲೆ ಕೂತಿದೆ, ಏನೂ ಇಲ್ಲದ ಮೂಲೆಯಲ್ಲೂ ಅಷ್ಟೇ ಶ್ರದ್ಧೆಯಿಂದ ಕೂತಿದೆ. ದಿನಕ್ಕೊಮ್ಮೆ ಎದ್ದು, ನಾಲ್ಕು ಕಾಳು ತಿಂದು, ಇಡೀ ದಿನ ಕೂಡಿಟ್ಟದ್ದನ್ನು ಒಂದೇ ಕಂತಿನಲ್ಲಿ ಹಾಕಿ ಹೋಗುತ್ತದೆ. ಅಂಗಳದಲ್ಲಿದ್ದವರು ಒಳಗೆ ಬರುತ್ತಾರೆ.

ಕಾವು ಬಿಡಿಸಲು ನಮ್ಮ ಕಡೆ ಒಂದೇ ಮದ್ದು: ಕೋಳಿಯ ಹೊಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಬಿಡುವುದು. ಅತ್ತೆ ಬಕೆಟ್ ತುಂಬಿಸಿ, ಕೋಳಿ ಎತ್ತಿಕೊಂಡು, ಹಾಗೇ ನಿಂತರು. ಅದ್ದಿದರೆ ಒಣಗಿಸುವವರು ಯಾರು? ಬಕೆಟ್ ಹೂವಿನ ಗಿಡಕ್ಕೆ ಹೋಯಿತು, ಕೋಳಿ ಗೂಡಿಗೆ ಹೋಯಿತು, ಅದರ ಕೆಳಗೆ ಐದು ನಾಟಿ ಮೊಟ್ಟೆ ಹೋದವು. ಏಳೆಂಟು ದಿನ ಬಿಟ್ಟು ಕತ್ತಲಲ್ಲಿ ಮೊಬೈಲ್ ಟಾರ್ಚಿಗೆ ಹಿಡಿದು ನೋಡಿದರೆ ಐದರಲ್ಲೂ ಕೆಂಪು ನರ. ಇಪ್ಪತ್ತೊಂದಕ್ಕೆ ಐದೂ ಮರಿ. ನಾಟಿ ಹ್ಯಾಟೆ ಆದರೆ ಮರಿ ಮುಟ್ಟಲು ಹೋದವರ ಕೈಗೆ ಕುಕ್ಕುತ್ತದೆ. ಇದು ಕತ್ತು ಉದ್ದ ಮಾಡಿ, ಇನ್ನೂ ನಾಲ್ಕು ಇದ್ದರೆ ಕೊಡಿ ಅನ್ನುವ ಮುಖ ಮಾಡಿತು. ಮರಿಗಳ ಕಾಲಿಗೆ ಅವ್ವನ ತುಪ್ಪಳ ಸುತ್ತಿಕೊಳ್ಳುತ್ತದೆ, ದಿನಾ ಬಿಡಿಸಬೇಕು. ಅದನ್ನು ಅತ್ತೆ ಯಾರಿಗೂ ಬಿಡುವುದಿಲ್ಲ.

ಸುದ್ದಿ ಹಬ್ಬಿತು. ಮೊದಲು ಎದುರುಮನೆಯವರ ಮೊಟ್ಟೆ, ಆಮೇಲೆ ಗದ್ದೆಯಾಚೆಯವರ ಬಾತುಕೋಳಿ ಮೊಟ್ಟೆ. ಬಾತಿಗೆ ಇಪ್ಪತ್ತೆಂಟು ದಿನ ಬೇಕು. ಇದು ಕೇಳಲೂ ಇಲ್ಲ, ಕೂತಿತು. ಬಾತಿನ ಮರಿಗಳು ಎದ್ದು, ನಡೆದು, ಕಂಡ ಮೊದಲ ಗದ್ದೆ ನೀರಿಗೆ ಇಳಿದಾಗ ಬದುವಿನ ಮೇಲೆ ಇದರ ಗೋಳು ಕೇಳಲಾರದೆ ಅತ್ತೆಯೇ ಕೆಸರಿಗಿಳಿದು ಒಂದೊಂದನ್ನೇ ಹಿಡಿದು ತಂದು ಮುಂದಿಟ್ಟರು. ಅವು ಮತ್ತೆ ಇಳಿದವು.

ಈಗ ಸರದಿ ಗೋಡೆಯ ಕ್ಯಾಲೆಂಡರಿನಲ್ಲಿದೆ, ಅತ್ತೆಯ ಅಕ್ಷರದಲ್ಲಿ. ಹತ್ತರಲ್ಲಿ ಎರಡು ಮರಿ ನಮಗೆ, ಅದು ಬಾಡಿಗೆ. ಕಳೆದ ಭಾನುವಾರ ಮಾವ ಬಂದಿದ್ದರು, ಕೈಯಲ್ಲಿ ಹೊಟ್ಟು ತುಂಬಿದ ಡಬ್ಬಿ, ಅದರೊಳಗೆ ಜೋಪಾನವಾಗಿಟ್ಟ ಆರು ಮೊಟ್ಟೆ. ಅತ್ತೆ ಮೂಗಿನ ತುದಿಗೆ ಕನ್ನಡಕ ಇಳಿಸಿ ಕ್ಯಾಲೆಂಡರಿನ ಹಾಳೆ ತಿರುವಿದರು, ಇನ್ನೊಂದು ತಿರುವಿದರು.

"ನಿಂದು ಎಲ್ಲರದ್ದೂ ಆದ್ಮೇಲೆ. ಎರಡು ಕೆಜಿ ಬರ್ತದಾ ಅಂತ ಕೇಳಿದ್ದು ಯಾರು?"