ದಾಲ್ ಮಿಲ್ಲಿಗೆ ಬಂದ ಲಾಟರಿ

ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿರುವ ನಮ್ಮ ದಾಲ್ ಮಿಲ್ಲಿನ ಇಮೇಲ್ ತೆರೆದರೆ ತೊಗರಿಯ ಸುದ್ದಿಯೇ ಕಾಣುವುದಿಲ್ಲ. ಮೊದಲು ಜಾಮೀನಿಲ್ಲದ ಸಾಲ, ಆಮೇಲೆ ಕೂದಲು ಬೆಳೆಸುವ ಎಣ್ಣೆ, ಅದರ ಕೆಳಗೆ ವಿದೇಶದ ಲಾಟರಿ. ಇವುಗಳ ನಡುವೆ ಹೈದರಾಬಾದಿನ ವ್ಯಾಪಾರಿಯ ಆರ್ಡರ್ ಎಲ್ಲಿದೆ ಎಂದು ಹುಡುಕಬೇಕು. ಬೇಳೆಯಲ್ಲಿನ ಕಲ್ಲು ಆರಿಸಲು ಮಿಲ್ಲಿನಲ್ಲಿ ಯಂತ್ರವಿದೆ. ಇಲ್ಲಿ ನಾನೇ ಯಂತ್ರ.

ಬೇಡದ ಮೇಲ್ ಬೇರ್ಪಡಿಸಲು ಸ್ಪ್ಯಾಮ್ ಫೋಲ್ಡರ್ ಇದೆಯಲ್ಲ ಎನ್ನುತ್ತೀರಿ. ಇದೆ, ಮಹಾ ಚುರುಕು! ಲಾಟರಿಯನ್ನು ಒಳಗೆ ಬಿಟ್ಟು ಲಾರಿಯವರ ಬಿಲ್ಲನ್ನು ಹಿಡಿದು ಕೂಡಿಹಾಕುತ್ತದೆ. ‘ಅನ್‌ಸಬ್‌ಸ್ಕ್ರೈಬ್’ ಒತ್ತಿ ಇನ್ನು ಕಳುಹಿಸಬೇಡಿ ಎನ್ನೋಣವೆಂದರೆ, ಕಳ್ಳರ ಮೇಲ್‌ನಲ್ಲಿ ಅದನ್ನು ಒತ್ತಿದರೆ ಈ ವಿಳಾಸ ಬಳಕೆಯಲ್ಲಿದೆ ಎಂದು ನಾವೇ ಖಾತ್ರಿ ಕೊಟ್ಟ ಹಾಗೆ. ವಿಳಾಸವನ್ನೇ ಬದಲಿಸೋಣವೆಂದರೆ ಅದು ಬೇಳೆಯ ಚೀಲದ ಮೇಲೆ, ಬಿಲ್ ಪುಸ್ತಕದಲ್ಲಿ, ಜಿಎಸ್‌ಟಿ ನೋಂದಣಿಯಲ್ಲಿ ಬೇರೂರಿ ಕುಳಿತಿದೆ.

ಮೊನ್ನೆಯದಂತೂ ಅತಿಯಾಯಿತು. ನಮ್ಮದೇ ವಿಳಾಸದಿಂದ ನಮಗೇ ಒಂದು ಪತ್ರ: ಖಾತೆ ಮುಚ್ಚಲಿದೆ, ಕೂಡಲೇ ಪಾಸ್‌ವರ್ಡ್ ಕೊಡಿ. ಕಳುಹಿಸಿದವರ ಜಾಗದಲ್ಲಿ ಯಾರ ವಿಳಾಸವನ್ನು ಬೇಕಾದರೂ ಹಾಕಲು ಬರುತ್ತದೆ ಎಂದು ಮಾಲೀಕರಿಗೆ ವಿವರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವರು ಎಲ್ಲವನ್ನೂ ಕೇಳಿ, ತಲೆಯಾಡಿಸಿ, ‘ಇರಲಿ, ಒಂದು ಪ್ರಿಂಟ್ ತೆಗೆದು ಫೈಲಿಗೆ ಹಾಕಿರಿ’ ಎಂದರು.