ಅಗೋ! ಎಲ್ಲಿ?

ನಾವಿಬ್ಬರೂ ಸುತ್ತಾಡಲು ಹೊರಟಾಗ ಹೆಚ್ಚಾಗಿ ಆಡುವುದು ಎರಡೇ ಮಾತು. ಒಬ್ಬರು "ಅಗೋ!" ಅನ್ನುತ್ತೇವೆ. ಇನ್ನೊಬ್ಬರು "ಎಲ್ಲಿ?" ಅನ್ನುತ್ತೇವೆ. ಅಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ, ಮೀನು ಮುಳುಗಿರುತ್ತದೆ, ನಾವು ಹಿಡಿಯಬೇಕಿದ್ದ ತಿರುವು ಹಿಂದೆ ಉಳಿದಿರುತ್ತದೆ. "ಹೋಯ್ತು ಬಿಡು" ಅನ್ನುವುದು ಮೂರನೆಯ ಮಾತು. ಅದನ್ನು ಯಾರು ಬೇಕಾದರೂ ಹೇಳಬಹುದು.

ಮದುವೆಯಾದ ಹೊಸದರಲ್ಲಿ ನನಗೊಂದು ಭ್ರಮೆ ಇತ್ತು. ಜೊತೆಯಾಗಿ ಹೋಗುವುದೆಂದರೆ ಜೊತೆಯಾಗಿ ನೋಡುವುದು ಅಂದುಕೊಂಡಿದ್ದೆ. ಒಂದೇ ಬಂಡೆಯ ಮೇಲೆ ಕೂತು, ಒಂದೇ ದಿಕ್ಕಿಗೆ ಮುಖ ಮಾಡಿ, ಸೂರ್ಯ ಮುಳುಗುವುದನ್ನು ನೋಡಿ ಇಬ್ಬರೂ ಒಟ್ಟಿಗೇ ನಿಟ್ಟುಸಿರು ಬಿಡುವುದು. ಆಮೇಲೆ ಗೊತ್ತಾಯಿತು. ನಾನು ಸೂರ್ಯನನ್ನು ನೋಡುವಾಗ ಇವರು ಬಂಡೆಯನ್ನು ನೋಡುತ್ತಿರುತ್ತಾರೆ. "ಇಲ್ಲಿ ಇರುವೆ ಸಾಲು ಇದೆ ಕಣೇ, ಸ್ವಲ್ಪ ಆ ಕಡೆ ಸರಿ."

ಹೊರಡುವಾಗಲೇ ಇದು ಶುರುವಾಗುತ್ತದೆ. ಹೆಂಗಸರ ಅಲಂಕಾರದಿಂದ ತಡ ಆಗುತ್ತದೆ ಅನ್ನುವುದು ಹಳೇ ಜೋಕು. ನಮ್ಮನೆಯಲ್ಲಿ ತಡ ಆಗುವುದು ಬೀಗದಿಂದ. ಇವರು ಬೀಗ ಹಾಕುತ್ತಾರೆ, ಎಳೆದು ನೋಡುತ್ತಾರೆ, ಮೆಟ್ಟಿಲು ಇಳಿಯುತ್ತಾರೆ, ನಿಲ್ಲುತ್ತಾರೆ.

"ಬೀಗ ಹಾಕಿದೆ ಅಲ್ವಾ?"

"ಹಾಕಿದ್ರಿ."

"ನೀನು ನೋಡಿದ್ಯಾ?"

ನೋಡಿರುವುದಿಲ್ಲ. ಆ ಹೊತ್ತಿಗೆ ನಾನು ಆಕಾಶ ನೋಡುತ್ತಿರುತ್ತೇನೆ, ಮೋಡ ಇದೆಯಾ ಅಂತ. ಮತ್ತೆ ಮೆಟ್ಟಿಲು ಹತ್ತುವುದು, ಮತ್ತೆ ಎಳೆಯುವುದು. ಈಗೀಗ ನಾನು ಬೀಗಕ್ಕೆ ಸಾಕ್ಷಿಯಾಗಿ ಬಾಗಿಲ ಬಳಿ ನಿಂತು, "ನೋಡಿದೆ" ಅಂತ ಜೋರಾಗಿ ಹೇಳಿಯೇ ಇಳಿಯುತ್ತೇನೆ. ಹತ್ತು ನಿಮಿಷ ಉಳಿತಾಯ.

ಮಳೆಗಾಲದಲ್ಲಿ ನಮ್ಮದು ಒಂದೇ ಕೊಡೆ. ಮನೆಯಲ್ಲಿ ಎರಡಿವೆ. ಆದರೆ ಹೊರಡುವಾಗ ಒಂದು ಸಾಕು ಅನ್ನಿಸುತ್ತದೆ, ಮಳೆ ಬಂದಾಗ ಎರಡು ಬೇಕಿತ್ತು ಅನ್ನಿಸುತ್ತದೆ. ಇವರು ಎತ್ತರ, ನಾನು ಗಿಡ್ಡ. ಇವರು ಹಿಡಿದರೆ ಮಳೆ ಓರೆಯಾಗಿ ನನ್ನ ಮೇಲೆ ಬೀಳುತ್ತದೆ, ನಾನು ಹಿಡಿದರೆ ಕೊಡೆಯ ಕಡ್ಡಿ ಇವರ ಕಿವಿಗೆ ಚುಚ್ಚುತ್ತದೆ. ಹೆಜ್ಜೆಯೂ ಹೊಂದುವುದಿಲ್ಲ. ಮೂರು ಕಾಲಿನ ಓಟದ ಹಾಗೆ ಹೋಗುತ್ತೇವೆ.

ಹೀಗೆ ಒದ್ದಾಡುವುದರಿಂದಲೂ ಒಂದು ಲಾಭ ಇದೆ ಅಂತ ಕೇಳಿದಾಗ ನನಗೆ ಆಶ್ಚರ್ಯವೇ ಆಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಜೊತೆಯವರು ಜೋಡಿಗಳನ್ನು ಕರೆಸಿ ಒಂದು ಪ್ರಯೋಗ ಮಾಡಿದರು. 2000ದಲ್ಲಿ ಅದು ಪ್ರಕಟವಾಯಿತು. ಇಬ್ಬರ ಕೈ ಕಾಲುಗಳನ್ನು ಒಂದಕ್ಕೊಂದು ಪಟ್ಟಿಯಲ್ಲಿ ಬಿಗಿದು, ಹಾಸಿನ ಮೇಲೆ ಅಂಬೆಗಾಲಿಡಲು ಹೇಳಿದರು. ನಡುವೆ ಅಡ್ಡ ಇಟ್ಟಿದ್ದನ್ನು ಹತ್ತಿ ಇಳಿಯಬೇಕು. ಒಂದು ದಿಂಬನ್ನೂ ಸಾಗಿಸಬೇಕು, ಕೈಯಿಂದಲೂ ಹಿಡಿಯುವಂತಿಲ್ಲ, ಹಲ್ಲಿನಿಂದಲೂ ಕಚ್ಚುವಂತಿಲ್ಲ. ಇನ್ನು ಕೆಲವು ಜೋಡಿಗಳಿಗೆ ಕೊಟ್ಟದ್ದು ಚೆಂಡು ಉರುಳಿಸುತ್ತಾ ನಿಧಾನವಾಗಿ ತೆವಳುವ ಸಪ್ಪೆ ಕೆಲಸ. ಮುಗಿದ ಮೇಲೆ ವಿಚಾರಿಸಿದರೆ, ಕಟ್ಟಿಹಾಕಿಸಿಕೊಂಡು ಒದ್ದಾಡಿದವರಿಗೇ ತಮ್ಮ ಸಂಬಂಧದ ಬಗ್ಗೆ ಜಾಸ್ತಿ ಸಮಾಧಾನ ಇತ್ತಂತೆ. ಪಾಪ, ಅವರಿಗೆ ಅಷ್ಟೆಲ್ಲ ಪಟ್ಟಿ, ಹಾಸು, ದಿಂಬು ಯಾಕೆ ಬೇಕಿತ್ತು? ಒಂದು ಕೊಡೆ ಕೊಟ್ಟು ಮಳೆಗೆ ಬಿಟ್ಟಿದ್ದರೆ ಸಾಕಿತ್ತು.

ಅಂಥದ್ದೇ ಒಂದು ಸಂಜೆ ಮಳೆ ನಿಂತಿತು. ಬೆನ್ನ ಹಿಂದೆ ಸೂರ್ಯ ಇಣುಕಿದ. ಎದುರಿಗೆ, ಈ ತುದಿಯಿಂದ ಆ ತುದಿಗೆ, ಕಾಮನಬಿಲ್ಲು. ನಾನು "ಅಗೋ!" ಅಂದೆ. "ಎಲ್ಲಿ?" ಅಂತ ಕೇಳುವ ಹಾಗೇ ಇರಲಿಲ್ಲ, ಅರ್ಧ ಆಕಾಶ ತುಂಬಿಕೊಂಡಿತ್ತು. ಅಂತೂ ಇಬ್ಬರೂ ಒಂದನ್ನೇ ನೋಡುತ್ತಿದ್ದೇವೆ ಅಂತ ನಾನು ಖುಷಿಪಡುವಷ್ಟರಲ್ಲಿ ಇವರು ಗಂಟಲು ಸರಿಮಾಡಿಕೊಂಡರು. ಇವರು ಗಂಟಲು ಸರಿಮಾಡಿಕೊಂಡರೆ ನಾನು ಹುಷಾರಾಗಬೇಕು.

"ನೀನು ನೋಡ್ತಿರೋ ಬಿಲ್ಲೇ ಬೇರೆ, ನಾನು ನೋಡ್ತಿರೋದೇ ಬೇರೆ."

ಅದು ನಿಜವಂತೆ. ಕಾಮನಬಿಲ್ಲು ಅಲ್ಲಿ ಒಂದು ಜಾಗದಲ್ಲಿ ನಿಂತಿರುವ ವಸ್ತುವಲ್ಲ. ಸೂರ್ಯ ನಮ್ಮ ಬೆನ್ನ ಹಿಂದೆ ಇರುತ್ತಾನೆ. ಮುಂದೆ ನಮ್ಮ ತಲೆಯ ನೆರಳು ಬೀಳುವ ದಿಕ್ಕೇ ಬಿಲ್ಲಿನ ನಡು. ಆ ದಿಕ್ಕಿನಿಂದ ಸುಮಾರು 42 ಡಿಗ್ರಿ ಓರೆಯಲ್ಲಿರುವ ಹನಿಗಳು ಕೆಂಪು ಬೆಳಕನ್ನು ನಮ್ಮ ಕಣ್ಣಿಗೆ ಕಳಿಸುತ್ತವೆ, ಅದಕ್ಕಿಂತ ಕೊಂಚ ಒಳಗಿನವು ಉಳಿದ ಬಣ್ಣಗಳನ್ನು. ಕಣ್ಣು ಸರಿದರೆ ಹನಿಗಳೂ ಬದಲಾಗುತ್ತವೆ. ಸೂರ್ಯ 42 ಡಿಗ್ರಿಗಿಂತ ಮೇಲೇರಿದರೆ ಆ ಕಮಾನು ನೆಲದ ಕೆಳಗೆ ಹೋಗಿಬಿಡುತ್ತದೆ. ನೆತ್ತಿಯ ಬಿಸಿಲಿನಲ್ಲಿ ಕಾಮನಬಿಲ್ಲು ಕಾಣದಿರುವುದು ಅದಕ್ಕೇ. ಹೀಗೆ ಪ್ರತಿಯೊಬ್ಬರ ನೆತ್ತಿಯ ಲೆಕ್ಕಕ್ಕೆ ಒಂದೊಂದು ಬಿಲ್ಲು.

ನಾನು ಹತ್ತಿರ ಸರಿದು ಇವರ ಭುಜಕ್ಕೆ ತಲೆ ಒರಗಿಸಿದೆ.

"ಈಗ?"

"ಈಗಲೂ ಎರಡೇ. ಕರೆಕ್ಟಾಗಿ ಲೆಕ್ಕ ಹಾಕಿದ್ರೆ ನಾಲ್ಕು. ಒಂದೊಂದು ಕಣ್ಣಿಗೂ ಒಂದೊಂದು."

ಇಂಥವರನ್ನು ಕಟ್ಟಿಕೊಂಡಿದ್ದೇನೆ.

ಇದೇ ಲೆಕ್ಕದ ಬುದ್ಧಿಯಿಂದ ಒಂದು ವರ್ಷ ಇವರು ಪಾರಾಗಿದ್ದೂ ಉಂಟು. ಮದುವೆಯ ದಿನ ಮರೆತುಹೋಗಿತ್ತು. ರಾತ್ರಿ ಹನ್ನೊಂದಕ್ಕೆ ನನ್ನ ಮುಖ ನೋಡಿ ಏನೋ ಹೊಳೆಯಿತು. ತಕ್ಷಣ ಗಂಟಲು ಸರಿಮಾಡಿಕೊಂಡರು. ಋತುಗಳ ಒಂದು ಸುತ್ತು ಮುಗಿಯಲು 365 ದಿನ ಸಾಲದಂತೆ, ಇನ್ನೂ 5 ಗಂಟೆ 48 ನಿಮಿಷ 45 ಸೆಕೆಂಡು ಬೇಕಂತೆ. ಆದ್ದರಿಂದ ಮದುವೆಗೆ ವರ್ಷ ತುಂಬುವುದು ಇನ್ನೂ ಸ್ವಲ್ಪ ತಡವಾಗಿ, ಬೆಳಗಿನ ಜಾವದ ತನಕ ಟೈಮ್ ಇದೆ ಅಂತ. ಪ್ರತಿ ವರ್ಷ ಹೀಗೇ ಆರು ಗಂಟೆ ಬಾಕಿ ಇಟ್ಟುಕೊಂಡು ಹೋಗಲು ಆಗುವುದಿಲ್ಲ, ಅದಕ್ಕೇ ಫೆಬ್ರವರಿ 29 ಇರುವುದು, ಅವತ್ತು ಎಲ್ಲಾ ಚುಕ್ತಾ ಆಗುತ್ತದೆ ಅಂತ ನಾನೂ ಬಿಡಲಿಲ್ಲ. ಆದರೂ ಐದಕ್ಕೆ ಎದ್ದು ಇಬ್ಬರೂ ಚಾವಣಿಗೆ ಹೋದೆವು. ಬೆಳಕು ಹರಿಯುವ ತನಕ ಕೂತು ಇಳಿದು ಬಂದೆವು. ಉಡುಗೊರೆ ಇಲ್ಲ, ಏನೂ ಇಲ್ಲ. ಅಲ್ಲಿಂದೀಚೆಗೆ ಪ್ರತಿ ವರ್ಷ ಆ ದಿನ ಕಳೆದ ಮರುದಿನದ ನಸುಕಿನಲ್ಲಿ ಚಾವಣಿಗೆ ಹೋಗುತ್ತೇವೆ. ಅಲಾರಂ ಇಡುವುದು ನಾನೇ.

ಬೇಸಿಗೆಯಲ್ಲಿ ಬೆಟ್ಟ. ಇದರ ಬಗ್ಗೆ ಜಾಸ್ತಿ ಹೇಳಿದರೆ ಮನೆಯಲ್ಲಿ ಜಗಳ ಆಗುತ್ತದೆ. ಚುಟುಕಾಗಿ ಹೇಳುತ್ತೇನೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಕೊಟ್ಟ. ಈಗಿನ ಅಳತೆಯಲ್ಲಿ ಹೇಳುವುದಾದರೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿ 6 ಕಿಲೋಮೀಟರ್, ಏರು 300 ಮೀಟರ್. ಇವರು ಹಿಂದಿನ ರಾತ್ರಿಯೇ ಲೆಕ್ಕ ಹಾಕಿ 1 ಗಂಟೆ 42 ನಿಮಿಷ ಅಂತ ಬರೆದಿಟ್ಟಿದ್ದರು. ನಾವು ತೆಗೆದುಕೊಂಡಿದ್ದು ನಾಲ್ಕು ಗಂಟೆ. ನೈಸ್ಮಿತ್ ಒಬ್ಬನೇ ಹತ್ತಿರಬೇಕು ಅಂತ ನನ್ನ ಗುಮಾನಿ. ಹೆಂಡತಿ ಹೂವು ಕಂಡಲ್ಲೆಲ್ಲ ಬಗ್ಗುವುದಕ್ಕೆ ಎಷ್ಟು ನಿಮಿಷ, ಗಂಡ ಶೂ ಲೇಸು ಬಿಚ್ಚಿ ಕಟ್ಟುವುದಕ್ಕೆ ಎಷ್ಟು ನಿಮಿಷ, ದಾರಿ ಕವಲೊಡೆದ ಕಡೆ ಎಡವೋ ಬಲವೋ ಅಂತ ವಾದ ಮಾಡುವುದಕ್ಕೆ ಎಷ್ಟು ನಿಮಿಷ, ಸೂತ್ರದಲ್ಲಿ ಒಂದೂ ಇಲ್ಲ. ನಾನು ಎಡ ಅಂದೆ. ಬಲಕ್ಕೆ ಹೋದೆವು. ಬಲಗಡೆ ಒಂದು ದೊಡ್ಡ ಬಂಡೆಯ ಮುಂದೆ ದಾರಿ ಮುಗಿಯಿತು. ಅಲ್ಲಿಂದ ಕಾಣುವ ನೋಟ ತುಂಬ ಚೆನ್ನಾಗಿದೆ ಅಂತ ಇವರು ಹೇಳಿದರು. ನಾನು ನೋಡಲಿಲ್ಲ. ಬೇಕಂತಲೇ ನೋಡಲಿಲ್ಲ. ಈಗಲೂ ಆ ನೋಟ ಹೇಗಿತ್ತು ಅಂತ ಕೇಳಬೇಕು ಅನ್ನಿಸುತ್ತದೆ, ಕೇಳಿದರೆ ಸೋತ ಹಾಗಾಗುತ್ತದಲ್ಲ ಅಂತ ಸುಮ್ನೆ ಇದ್ದೇನೆ.

ಚಳಿಗಾಲದ್ದು ಮಾತ್ರ ವಿವರವಾಗಿ ಹೇಳಬೇಕು.

ಡಿಸೆಂಬರ್ 13ರ ರಾತ್ರಿ. ಉಲ್ಕೆ ಬೀಳುವುದನ್ನು ನೋಡಲು ಹೋಗೋಣ ಅಂತ ಹೊರಟೆವು. ಜೆಮಿನಿಡ್ಸ್ ಅನ್ನುವ ಈ ಉಲ್ಕೆಗಳು ಮಿಥುನ ರಾಶಿಯ ದಿಕ್ಕಿನಿಂದ ಚದುರಿದ ಹಾಗೆ ಕಾಣುತ್ತವೆ. ಉಲ್ಕೆಯ ಮಳೆಗಳು ಹೆಚ್ಚಾಗಿ ಧೂಮಕೇತುಗಳು ಬಿಟ್ಟುಹೋದ ಧೂಳಿನಿಂದ ಆಗುತ್ತವೆ. ಇದು ಹಾಗಲ್ಲ. 1983ರಲ್ಲಿ ಕಂಡುಹಿಡಿದ ಫೇಥಾನ್ ಅನ್ನುವ ಕ್ಷುದ್ರಗ್ರಹದ ಉದುರು. ಭೂಮಿ ವರ್ಷಕ್ಕೊಮ್ಮೆ ಆ ಉದುರಿನ ನಡುವೆ ಹಾದುಹೋಗುತ್ತದೆ. ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ನಮ್ಮ ಗಾಳಿಗೆ ನುಗ್ಗಿದ ಚೂರು ಗೆರೆ ಎಳೆದು ಮಾಯವಾಗುತ್ತದೆ. ತೀರಾ ಕತ್ತಲಿನ ಆಕಾಶವಾದರೆ ಗಂಟೆಗೆ 100ಕ್ಕೂ ಹೆಚ್ಚು ಅಂತ ಇವರು ಓದಿದ್ದರು. ನಾನು ಮತಾಪು ಹಚ್ಚಿದ ಹಾಗಿರುತ್ತದೆ ಅಂದುಕೊಂಡೆ.

ಊರಿನ ದೀಪಗಳಿಂದ ದೂರ ಒಂದು ಬಯಲು. ಚಾಪೆ, ಎರಡು ಕಂಬಳಿ, ಒಂದು ಫ್ಲಾಸ್ಕು, ಒಂದು ಡೈರಿ. ಡೈರಿ ಯಾಕೆ ಅಂದರೆ ಎಣಿಸಲು. ಅಂಗಾತ ಮಲಗಿದೆವು. ಕಣ್ಣು ಕತ್ತಲೆಗೆ ಚೆನ್ನಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಅಲ್ಲಿತನಕ ಬೆಳಕು ನೋಡಬಾರದು ಅಂತ ನನಗೆ ಪಾಠ ಹೇಳಿದರು. ಹತ್ತೊಂಬತ್ತನೆಯ ನಿಮಿಷಕ್ಕೆ, ಇಪ್ಪತ್ತು ನಿಮಿಷ ಆಯಿತಾ ಅಂತ ಫೋನ್ ತೆಗೆದು ನೋಡಿದರು. ಇಬ್ಬರ ಕಣ್ಣೂ ಕುಕ್ಕಿತು. ಮೊದಲಿನಿಂದ ಶುರು.

ಆಮೇಲೆ ನಿಧಾನಕ್ಕೆ ಕಾಣತೊಡಗಿದವು. "ಅಗೋ!" ಅಂದೆ. "ಎಲ್ಲಿ?" ಅಂದರು. ಹೋಗಿತ್ತು. ಸ್ವಲ್ಪ ಹೊತ್ತಿಗೆ ಇವರು "ಅಗೋ!" ಅಂದರು. ನಾನು ತಿರುಗುವಷ್ಟರಲ್ಲಿ ಬರೀ ನಕ್ಷತ್ರ. ಇದಕ್ಕೊಂದು ವ್ಯವಸ್ಥೆ ಮಾಡೋಣ ಅಂತ ಆಕಾಶ ಹಂಚಿಕೊಂಡೆವು. ಆ ಮರದಿಂದ ಆ ಕಡೆ ಇವರದು, ಈ ಕಡೆ ನನ್ನದು. ಆಸ್ತಿ ಪಾಲು ಮಾಡಿಕೊಂಡ ಹಾಗೆ. ಪಾಲಾದ ಮೇಲೆ ಉಲ್ಕೆಗಳೆಲ್ಲ ನನ್ನ ಕಡೆಯೇ ಬಿದ್ದವು. "ನಿನ್ನ ಕಡೆ ಒಳ್ಳೇದು ಕೊಟ್ಟಿದ್ದೀನಿ" ಅಂತ ಇವರು ಗೊಣಗಿದರು. ಜಾಗ ಬದಲಿಸಿದೆವು. ಆಗ ಇವರ ಕಡೆ ಬಿದ್ದವು. ಚಳಿಗೆ ಹಲ್ಲು ಕಟಕಟ. ಕಂಬಳಿ ಎರಡಿದ್ದರೂ ಅದು ಯಾಕೋ ಎರಡೂ ಒಬ್ಬರ ಮೇಲೇ ಇರುತ್ತಿತ್ತು. ಯಾರ ಮೇಲೆ ಅಂತ ಹೇಳುವುದಿಲ್ಲ.

ಒಂದೂವರೆ ದಾಟಿರಬೇಕು. ಫ್ಲಾಸ್ಕು ಖಾಲಿ. ಮಾತೂ ಖಾಲಿಯಾಗಿತ್ತು. ಆಗ ಒಂದು ಬಂತು. ಸಣ್ಣದಲ್ಲ. ನೆತ್ತಿಯಿಂದ ಹೊರಟು, ನನ್ನ ಪಾಲಿನ ಆಕಾಶ ದಾಟಿ, ಗಡಿಯ ಮರ ದಾಟಿ, ಇವರ ಪಾಲಿನ ತುದಿಯವರೆಗೆ ನಿಧಾನವಾಗಿ ಗೀರಿಕೊಂಡು ಹೋಯಿತು.

ಯಾರೂ "ಅಗೋ" ಅನ್ನಲಿಲ್ಲ. ಅದರಿಂದಲೇ ಗೊತ್ತಾಯಿತು ನನಗೆ.

ತುಂಬಾ ಹೊತ್ತಿನ ಮೇಲೆ ನಾನೇ ಕೇಳಿದೆ. "ನೋಡಿದ್ರಾ?"

"ಹೂಂ."

ಬೆಳಗಿನ ಜಾವ ಮನೆಗೆ ಬಂದು, ಬೀಗ ತೆಗೆದು, ದೀಪ ಹಾಕಿ, ಡೈರಿ ಬಿಚ್ಚಿ ಲೆಕ್ಕ ಮಾಡಿದೆವು. ನಾನು ನೋಡಿದ್ದು 11. ಇವರು ನೋಡಿದ್ದು 9.

"ಒಟ್ಟು ಹತ್ತೊಂಬತ್ತು" ಅಂದರು ಇವರು.

"ಇಪ್ಪತ್ತು."

"ಒಂದನ್ನ ಇಬ್ಬರೂ ನೋಡಿದ್ವಲ್ಲ, ಎರಡು ಸಲ ಬರ್ಕೊಂಡಿದ್ದೀವಿ. ಅದನ್ನ ಕಳೀಬೇಕು."

"ಯಾಕೆ ಕಳೀಬೇಕು? ಕಾಮನಬಿಲ್ಲಿಗೆ ಎರಡು ಅಂದವರು ಯಾರು?"

"ಅದು ಬೇರೆ ಕಣೇ. ಇದು ನಿಜವಾಗ್ಲೂ ಒಂದೇ ಕಲ್ಲು. ಒಂದೇ ಜಾಗದಲ್ಲಿ ಉರಿದಿದ್ದು..." ಅಂತ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ಪೆನ್ನು ಕಿತ್ತುಕೊಂಡು 20 ಅಂತ ಬರೆದು, ಕೆಳಗೆ ಗೆರೆ ಎಳೆದುಬಿಟ್ಟೆ. ಈಗಲೂ ಹಾಗೇ ಇದೆ. ಮೊನ್ನೆ ಏನೋ ಹುಡುಕುವಾಗ ಆ ಪುಟ ತೆರೆದುಕೊಂಡಿತು. ಇಪ್ಪತ್ತರ ಪಕ್ಕದಲ್ಲಿ, ಪೆನ್ಸಿಲಿನಲ್ಲಿ, ಕನ್ನಡಕ ಹಾಕಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, 19 ಅಂತ ಇತ್ತು.